ಸೋಮವಾರದ ಹೊಟ್ಟೆನೋವು

ಸೋಮವಾರ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ವಿಜಯನಗರದ ಅಥವಾ ಬಸವೇಶ್ವರನಗರದ ಯಾವುದಾದರೂ ಅಡ್ಡರಸ್ತೆಯಲ್ಲಿ ನಡೆದುಹೋಗುವವರ ಕಿವಿಗೆ, ಕುಕ್ಕರಿನ ಕೂಗು ಸ್ಕೂಟರಿನ ಸದ್ದುಗಳ ನಡುವೆ, ಒಂದು ಮಾತು ಬೀಳದೆ ಇರುವುದಿಲ್ಲ: "ಅಮ್ಮಾ, ಹೊಟ್ಟೆ ನೋಯ್ತಿದೆ." ತಾಯಿ ಹಣೆ ಮುಟ್ಟಿ ನೋಡುತ್ತಾಳೆ, ಜ್ವರವಿಲ್ಲ. ಹಿಂದಿನ ದಿನ ಏನು ತಿಂದಿತೆಂದು ನೆನೆಸಿಕೊಳ್ಳುತ್ತಾಳೆ. ಮನೆಯವರೆಲ್ಲ ತಿಂದದ್ದನ್ನೇ ತಿಂದಿದೆ. ಭಾನುವಾರ ಸಂಜೆ ದೀಪ ಹಚ್ಚುವವರೆಗೂ ಬೀದಿಯಲ್ಲಿ ಕುಣಿಯುತ್ತಿದ್ದ ಮಗು ಅದು. ತಂದೆ ಪತ್ರಿಕೆಯಿಂದ ತಲೆಯೆತ್ತದೆಯೇ ತೀರ್ಪು ಕೊಡುತ್ತಾನೆ: "ನಾಟಕ."

ನಾಟಕವಲ್ಲ. ಮಕ್ಕಳ ವೈದ್ಯರನ್ನು ಕೇಳಿದರೆ ಆ ನೋವು ನಿಜವಾದ ನೋವೆಂದೇ ಹೇಳುತ್ತಾರೆ. ಕರುಳಿನ ಗೋಡೆಯ ತುಂಬ ನರಗಳ ಜಾಲವಿದೆ. ಅದು ಮಿದುಳಿನೊಡನೆ ಎಡೆಬಿಡದೆ ಸುದ್ದಿ ಹಂಚಿಕೊಳ್ಳುತ್ತದೆ. ಭಯವಾದಾಗ ಕರುಳಿನ ಚಲನೆ ಏರುಪೇರಾಗುತ್ತದೆ, ಸಾಮಾನ್ಯ ಹೊತ್ತಿನಲ್ಲಿ ಗಮನಕ್ಕೇ ಬಾರದ ಮಿಡಿತ ನೋವಾಗಿ ತೋರುತ್ತದೆ. ಈ ಸಂಗತಿಯನ್ನು ತಿಳಿಯಲು ಕನ್ನಡಿಗರು ವೈದ್ಯಶಾಸ್ತ್ರದವರೆಗೆ ಹೋಗಬೇಕಾಗಿಯೂ ಇಲ್ಲ. ಹೊಟ್ಟೆ ತೊಳಸಿತು, ಕರುಳು ಚುರ್ರೆಂದಿತು, ಹೊಟ್ಟೆ ಉರಿಯಿತು, ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರು ಎಂದೆಲ್ಲ ನಾವು ಆಡುವುದಿಲ್ಲವೆ? ದೊಡ್ಡವರ ವಿಷಯದಲ್ಲಿ ನುಡಿಗಟ್ಟಾಗಿ ಒಪ್ಪಿಕೊಂಡದ್ದನ್ನು ಏಳು ವರ್ಷದ ಮಗು ಸರಳ ವಾಕ್ಯದಲ್ಲಿ ಹೇಳಿದರೆ ಮಾತ್ರ ನಂಬುವುದಿಲ್ಲ.

ಮಗುವಿಗೆ "ನನಗೆ ಆತಂಕವಾಗಿದೆ" ಎನ್ನುವ ಶಬ್ದಸಂಪತ್ತಿಲ್ಲ. ಅದರ ದುಗುಡಕ್ಕೆ ಒದಗುವ ಭಾಷೆ ದೇಹದ್ದು. ಹೊಟ್ಟೆನೋವು, ತಲೆನೋವು, ರಾತ್ರಿ ಒದ್ದೆಯಾದ ಹಾಸಿಗೆ, ತಡವರಿಸುವ ನಾಲಿಗೆ, ಕಡಿದು ಕಡಿದು ಮೊಂಡಾದ ಉಗುರು, ಕಾರಣವಿಲ್ಲದೆ ಪಕ್ಕದವನಿಗೆ ಬಿದ್ದ ಗುದ್ದು: ಇವೆಲ್ಲ ಆ ಭಾಷೆಯ ಪದಗಳು. ಪ್ರಾಥಮಿಕ ಶಾಲೆಯ ಮಕ್ಕಳ ಮನಸ್ಸಿನ ಆರೋಗ್ಯವೆಂದರೆ ಮೊದಲ ಮಾತಿಗೆ ಈ ಪದಗಳನ್ನು ಓದಬಲ್ಲ ಹಿರಿಯರೊಬ್ಬರು ಹತ್ತಿರದಲ್ಲಿರುವುದು. ದಿನಕ್ಕೆ ಐದಾರು ಗಂಟೆ ಮಗುವನ್ನು ಕಣ್ಣೆದುರು ಇಟ್ಟುಕೊಂಡಿರುವ ಉಪಾಧ್ಯಾಯರಿಗಿಂತ ಹತ್ತಿರದವರು ಯಾರಿದ್ದಾರೆ?

ಎಂಟರಲ್ಲಿ ಒಂದು

ಇಂಥ ವಿಷಯವನ್ನೆತ್ತಿದರೆ "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ" ಎನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ಬೆಂಗಳೂರಿನಲ್ಲಿಯೇ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯನ್ನು ಕುರಿತು ಹೇಳುತ್ತಿದ್ದೇನೆ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಇದ್ದೆಡೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಒಂದಾಗಿ ಇಂದಿನ ಹೆಸರು ಬಂದಿತು. ಅಲ್ಲಿನ ಮಕ್ಕಳ ಮನೋವೈದ್ಯೆ ಶೋಭಾ ಶ್ರೀನಾಥ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆಗಳು, ಕೊಳೆಗೇರಿಗಳು, ಸುತ್ತಲಿನ ಹಳ್ಳಿಗಳು ಈ ಮೂರೂ ಕಡೆ ಹುಟ್ಟಿನಿಂದ 16 ವರ್ಷದವರೆಗಿನ 2064 ಮಕ್ಕಳನ್ನು ಪರೀಕ್ಷಿಸಿ, 2005ರಲ್ಲಿ ಫಲಿತವನ್ನು ಪ್ರಕಟಿಸಿದರು. ನೂರಕ್ಕೆ 12.5 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಎಂಟು ಮಕ್ಕಳಲ್ಲಿ ಒಂದು. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಐದು.

ಅಂಕಿಗಿಂತ ದೊಡ್ಡ ಮಾತುಗಳು ಎರಡು ಆ ವರದಿಯಲ್ಲಿವೆ. ಒಂದು, ಬಡಾವಣೆಗೂ ಕೊಳೆಗೇರಿಗೂ ಹಳ್ಳಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಅನುಕೂಲಸ್ಥರ ಮನೆಯ ಸೋಗು ಎನ್ನುವವರೂ, ಬಡತನದ ಮನೆಯ ಪಾಡು ಎನ್ನುವವರೂ ಇಬ್ಬರೂ ಸುಮ್ಮನಾಗಬೇಕು. ಎರಡು, ನಾಲ್ಕು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚಾಗಿ ಕಂಡದ್ದು ಯಾವ ಭಯಂಕರ ಕಾಯಿಲೆಯೂ ಅಲ್ಲ: ಹಾಸಿಗೆ ಒದ್ದೆ ಮಾಡುವುದು, ಯಾವುದೋ ಒಂದು ವಸ್ತುವಿಗೆ ಅಥವಾ ಸಂದರ್ಭಕ್ಕೆ ವಿಪರೀತ ಹೆದರುವುದು, ಅತಿಚಟುವಟಿಕೆ, ಉಗ್ಗು, ಎದುರಾಡುವ ಹಠ. ಅಂದರೆ ಮನೆಯಲ್ಲಿ ಏಟಿಗೂ ಶಾಲೆಯಲ್ಲಿ ನಗೆಗೂ ಗುರಿಯಾಗುವ ಗುಣಗಳೇ! ರೋಗವೆಂದು ಯಾರಿಗೂ ತೋರದ ಕಾರಣ ಇವುಗಳಿಗೆ ಮದ್ದಿನ ಬದಲು ಶಿಕ್ಷೆ ಸಿಗುತ್ತದೆ.

ಹಾಸಿಗೆ ಒದ್ದೆಯಾಗುವುದನ್ನೇ ನೋಡಿ. ಐದು ವರ್ಷ ದಾಟಿದ ಮೇಲೂ ಅನೇಕ ಮಕ್ಕಳಿಗೆ ಇದು ಇರುತ್ತದೆ. ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಇದ್ದುದುಂಟು. ನಿದ್ದೆಯಲ್ಲಿ ನಡೆಯುವುದರ ಮೇಲೆ ಮಗುವಿನ ಹಿಡಿತವಿಲ್ಲ. ನೆರೆಯವರ ಮುಂದೆ ಹಾಸಿಗೆ ಬಿಸಿಲಿಗೆ ಹರವಿ ನಾಚಿಕೆಪಡಿಸಿದರೆ ಬಿಡುತ್ತದೆಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ನಾಚಿಕೆ ಭಯವನ್ನು ಹೆಚ್ಚಿಸುತ್ತದೆ, ಅಷ್ಟೆ. ಆದರೆ ಒಂದು ವರ್ಷವೆಲ್ಲ ಒಣಗಿದ್ದ ಹಾಸಿಗೆ ಇದ್ದಕ್ಕಿದ್ದಂತೆ ಮತ್ತೆ ಒದ್ದೆಯಾಗತೊಡಗಿದರೆ, ಮೂತ್ರದ ಸೋಂಕೊಂದನ್ನು ವೈದ್ಯರಲ್ಲಿ ಪರೀಕ್ಷಿಸಿ ನೋಡಿದ ಬಳಿಕ, ಮಗುವಿನ ದಿನಚರಿಯಲ್ಲಿ ಏನು ಬದಲಾಯಿತೆಂದು ವಿಚಾರಿಸಬೇಕು. ಹೊಸ ಶಾಲೆ, ಹೊಸ ತಂಗಿ, ಮನೆಯ ಜಗಳ, ಹೊಡೆಯುವ ಹಿರಿಯ ಹುಡುಗ, ಕೆಲವೊಮ್ಮೆ ಹೇಳಬಾರದೆಂದು ಬೆದರಿಸಿರುವ ಕೆಟ್ಟ ಸಂಗತಿ.

ಉಗ್ಗಿನ ಮಾತೂ ಹಾಗೆಯೇ. "ನಿಧಾನವಾಗಿ ಹೇಳು, ಸರಿಯಾಗಿ ಹೇಳು" ಎಂದು ತಡೆದಷ್ಟೂ ನಾಲಿಗೆ ಕಟ್ಟಿಕೊಳ್ಳುತ್ತದೆ. ವಾಕ್ಯ ಮುಗಿಯುವವರೆಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು, ಮಗುವಿನ ಬಾಯಿಂದ ಪದವನ್ನು ಕಸಿದು ತಾನೇ ಮುಗಿಸದಿರುವುದು, ಹಾಜರಿ ಕರೆಯುವಾಗ ಅದರ ಸರದಿಯಲ್ಲಿ ಯಾರೂ ನಗದಂತೆ ನೋಡಿಕೊಳ್ಳುವುದು: ಇಷ್ಟಕ್ಕೆ ಯಾವ ತರಬೇತಿಯೂ ಬೇಡ.

ಇನ್ನು ಆ ಹೊಟ್ಟೆನೋವಿಗೆ ಎಲ್ಲ ಸಲವೂ ಮನಸ್ಸೇ ಕಾರಣವೆಂದು ಹೇಳಿದರೆ ಅದೂ ಅನ್ಯಾಯ. ಜಂತುಹುಳು ಇರಬಹುದು, ಬೆಳಗಿನ ತಿಂಡಿಯಿಲ್ಲದ ಹಸಿವಿರಬಹುದು. ಶಾಲೆಯ ಶೌಚಾಲಯದ ವಾಸನೆಗೆ ಹೇಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ತಡೆದುಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಅವರ ಹೊಟ್ಟೆನೋವಿಗೆ ಆಪ್ತಸಲಹೆಗಿಂತ ಒಂದು ಬಕೆಟ್ಟು ನೀರು, ಒಂದು ಚಿಲಕವಿರುವ ಬಾಗಿಲು ಹೆಚ್ಚು ಗುಣಕಾರಿ.

ಒತ್ತಕ್ಷರದ ಅಪರಾಧಿಗಳು

ನಾನು ಪಾಠ ಹೇಳುವುದು ಕಾಲೇಜಿನಲ್ಲಿ. ಹದಿನೆಂಟರ ವಯಸ್ಸಿನವರ ಅಧ್ಯಾಪಕನಿಗೆ ಮೂರನೆಯ ತರಗತಿಯ ಗೊಡವೆ ಏಕೆಂದು ಓದುಗರು ಕೇಳಬಹುದು. ತರಗತಿಯಲ್ಲಿ ಒಂದು ಗದ್ಯಭಾಗವನ್ನು ಎದ್ದು ಓದಿ ಎಂದರೆ, ಆಳೆತ್ತರ ಬೆಳೆದ ಹುಡುಗರ ಕೈ ನಡುಗುವುದನ್ನು ವರ್ಷವರ್ಷವೂ ಕಾಣುತ್ತೇನೆ. ಬಿಡುವಿನಲ್ಲಿ ಕರೆದು ಮಾತನಾಡಿಸಿದರೆ ಹೆಚ್ಚುಕಡಿಮೆ ಒಂದೇ ಬಗೆಯ ಕಥೆ ಹೊರಬರುತ್ತದೆ. ಎರಡನೆಯದೋ ಮೂರನೆಯದೋ ತರಗತಿ; ಒಂದು ಒತ್ತಕ್ಷರ ತಪ್ಪಿತು; ತರಗತಿಯೆಲ್ಲ ನಕ್ಕಿತು, ಅಥವಾ "ದಡ್ಡ" ಎಂಬ ಮಾತು ಬಿತ್ತು. ಹತ್ತು ವರ್ಷದ ಮೇಲೂ ಆ ಬೆಂಚು, ಆ ಕಿಟಕಿ, ಆ ದಿನ ಹಾಕಿದ್ದ ಅಂಗಿಯ ಬಣ್ಣ ನೆನಪಿದೆ. ಪಾಠ ಮಾತ್ರ ನೆನಪಿಲ್ಲ.

ಕನ್ನಡದ ಅಧ್ಯಾಪಕನಾಗಿ ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಲಿಪಿ ಸುಂದರ, ಆದರೆ ಕಲಿಯುವವರಿಗೆ ಸುಲಭವಲ್ಲ. ಇಂಗ್ಲಿಷಿನ ಮಗು ಇಪ್ಪತ್ತಾರು ಅಕ್ಷರಗಳ ರೂಪ ಕಲಿತರೆ ಸಾಕು. ನಮ್ಮ ಮಗು ವರ್ಣಮಾಲೆ ಮುಗಿಸಿ ಕಾಗುಣಿತಕ್ಕೆ ಬಂದರೆ ರೂಪಗಳು ನಾನ್ನೂರು ದಾಟುತ್ತವೆ, ಆಮೇಲೆ ಒತ್ತಕ್ಷರಗಳು. ಬೆಂಗಳೂರಿನಲ್ಲಿ ಕನ್ನಡ ಓದುವ ಮಕ್ಕಳನ್ನೇ ಕುರಿತು ಅಧ್ಯಯನ ನಡೆಸಿದ ಸೋನಾಲಿ ನಾಗ್ ಅವರು, ಈ ಅಕ್ಷರಜ್ಞಾನ ಪೂರ್ತಿ ಕೈಗೂಡಲು ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಕಾಲ ಹಿಡಿಯುತ್ತದೆಂದು 2007ರಲ್ಲಿ ತೋರಿಸಿಕೊಟ್ಟರು. ಮೂರನೆಯ ತರಗತಿಯಲ್ಲಿ "ಸ್ತ್ರ" ಎಂಬಲ್ಲಿ ನಿಂತುಹೋದ ಮಗು ದಡ್ಡನಲ್ಲ. ದಾರಿಯ ನಡುವೆ ಇರುವ ಪ್ರಯಾಣಿಕ. ನಡುದಾರಿಯಲ್ಲಿರುವವನನ್ನು ಊರು ತಲುಪಲಿಲ್ಲವೆಂದು ಬಯ್ಯುವುದು ಯಾವ ನ್ಯಾಯ? ಐದನೆಯ ತರಗತಿಯಲ್ಲೂ ಒಡನೆಯ ಮಕ್ಕಳಿಂದ ಬಹಳ ಹಿಂದೆ ಉಳಿದರೆ ಅದು ಡಿಸ್ಲೆಕ್ಸಿಯ ಇರಬಹುದು. ಅದಕ್ಕೂ ದಡ್ಡತನಕ್ಕೂ ಸಂಬಂಧವಿಲ್ಲ. ಬೇರೆ ರೀತಿಯಲ್ಲಿ ಕಲಿಸುವ ವಿಧಾನಗಳಿವೆ.

ಪಶ್ಚಿಮ ಬೆಂಗಳೂರಿನ ತರಗತಿಯಲ್ಲಿ ಇದರ ಮೇಲೆ ಮನೆಮಾತಿನ ತೊಡಕೂ ಸೇರುತ್ತದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೈಗಾರಿಕಾ ಉಪನಗರವೆಂದು ರೂಪುಗೊಂಡ ರಾಜಾಜಿನಗರಕ್ಕೆ ಕೆಲಸ ಹುಡುಕಿ ಬಂದವರು ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲವನ್ನೂ ತಂದರು. ಈಗ ಕೆಂಗೇರಿಯ ಕಡೆ ಏಳುತ್ತಿರುವ ಕಟ್ಟಡಗಳ ಬುಡದ ತಗಡಿನ ಮನೆಗಳಲ್ಲಿ ಕಲಬುರಗಿ ರಾಯಚೂರಿನ ಕನ್ನಡವೂ ಕೇಳುತ್ತದೆ, ಹಿಂದಿ ಬಂಗಾಳಿಗಳೂ ಕೇಳುತ್ತವೆ. ಆರು ವರ್ಷದ ಮಗು ತನಗೆ ತಿಳಿಯದ ಮಾತಿನ ನಡುವೆ ಕುಳಿತು ತಿಂಗಳುಗಟ್ಟಲೆ ಬಾಯಿಬಿಡದಿರುವುದುಂಟು. ಅದನ್ನು ಮೊಂಡುತನವೆನ್ನುತ್ತೇವೆ. ವಾಸ್ತವವಾಗಿ ಅದು ಕೇಳಿಸಿಕೊಳ್ಳುತ್ತಿದೆ. ರಾಯಚೂರಿನ ಮಗುವಿನ ಕನ್ನಡವನ್ನು ಅದೂ ಕನ್ನಡವೇ ಎಂದು ಉಪಾಧ್ಯಾಯಿನಿ ಗೌರವದಿಂದ ಕೇಳಿದರೆ ಬಾಯಿ ಬೇಗ ಬಿಚ್ಚುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಬೆಂಗಳೂರಿನವರ ನಗೆ ಸ್ವಲ್ಪ ಹರಿತ.

ಇದೇ ಭಾಗದ ಸಾವಿರಾರು ತಾಯಂದಿರು ಮೈಸೂರು ರಸ್ತೆಯ, ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಶಾಲೆಯ ಗಂಟೆಗೆ ಬಹಳ ಮುಂಚೆಯೇ ತಾಯಿ ಮನೆ ಬಿಟ್ಟಿರುತ್ತಾಳೆ. ತಮ್ಮನ ಮುಖ ತೊಳೆಸಿ, ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡು ಬರುವವಳು ಎಂಟು ವರ್ಷದ ಅಕ್ಕ. ತಡವಾಗಿ ಬಂದಳೆಂದು ಅವಳನ್ನು ಬಾಗಿಲ ಹೊರಗೆ ನಿಲ್ಲಿಸುವ ಮೊದಲು ಆ ಕೀಲಿಯನ್ನು ನೋಡಿದವರು ಎಷ್ಟು ಜನ?

ನಡುವೆ ನಿಂತ ಪರೀಕ್ಷೆ

ಮಕ್ಕಳ ಭಯವೆಲ್ಲ ಮನೆಯಿಂದ ಬರುತ್ತದೆಂದು ಶಾಲೆಯವರೂ, ಶಾಲೆಯಿಂದ ಬರುತ್ತದೆಂದು ಮನೆಯವರೂ ಹೇಳುತ್ತಾರೆ. ಕೆಲವು ಸಲ ಅದು ವಿಧಾನಸೌಧದ ಕಡೆಯಿಂದಲೂ ಬರುತ್ತದೆ. 2022-23ರಲ್ಲಿ ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯಲ್ಲಿ ಪರೀಕ್ಷೆ ನಡೆಸಲು ಸರ್ಕಾರ ಹೊರಟಿತು. ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ಆಗಲಿ ಎಂದಿತು. 2023ರ ಮಾರ್ಚ್ 27ರಿಂದ ಪರೀಕ್ಷೆ ನಡೆಯಿತು. ಮರುವರ್ಷ ಇನ್ನೂ ವಿಚಿತ್ರ. ಮಾರ್ಚ್ 6ರಂದು ಪರೀಕ್ಷೆ ರದ್ದು; ಮರುದಿನ ರದ್ದತಿಗೇ ತಡೆ; 11ರಂದು ಪರೀಕ್ಷೆ ಆರಂಭ; 12ರಂದು ಸುಪ್ರೀಂ ಕೋರ್ಟಿನ ಆದೇಶ ಬಂದು ಉಳಿದ ವಿಷಯಗಳು ನಿಂತವು; ಮತ್ತೆ ಹೈಕೋರ್ಟಿನ ಅನುಮತಿಯಾಗಿ 25ರಿಂದ ಮುಂದುವರಿಕೆ; ಎಲ್ಲ ಬರೆದು ಮುಗಿಸಿದ ಮೇಲೆ, ಏಪ್ರಿಲ್ 8ರಂದು, ಫಲಿತಾಂಶ ಪ್ರಕಟಿಸಕೂಡದೆಂದು ಸುಪ್ರೀಂ ಕೋರ್ಟಿನ ತಡೆ.

ಪರೀಕ್ಷೆ ಬೇಕೆ ಬೇಡವೆ ಎಂಬ ವಾದದಲ್ಲಿ ಎರಡು ಪಕ್ಷಕ್ಕೂ ಕಾರಣಗಳಿದ್ದವು. ಅದನ್ನಿಲ್ಲಿ ತೀರ್ಮಾನಿಸುವುದು ನನ್ನ ಉದ್ದೇಶವಲ್ಲ. ಹತ್ತು ವರ್ಷದ ಮಗುವಿನ ಕಡೆಯಿಂದ ಆ ಒಂದು ತಿಂಗಳನ್ನು ನೋಡಿದರೆ ಸಾಕು. ಇಂದು ಇದೆ, ನಾಳೆ ಇಲ್ಲ, ನಾಡಿದ್ದು ಮತ್ತೆ ಇದೆ. ಭಯಕ್ಕೆ ಅನಿಶ್ಚಯದಷ್ಟು ಪುಷ್ಟಿಕರವಾದ ಆಹಾರ ಇನ್ನೊಂದಿಲ್ಲ. ಮೇಲಾಗಿ, ಆ ವರ್ಷ ಐದನೆಯ ತರಗತಿಯಲ್ಲಿದ್ದ ಮಕ್ಕಳು ಯಾರು? ಕೊರೋನಾ ಕಾಲದಲ್ಲಿ, 2020ರಲ್ಲಿ, ಎರಡನೆಯ ತರಗತಿಗೆ ಕಾಲಿಡಬೇಕಾಗಿದ್ದವರು ಅವರಲ್ಲಿ ಅನೇಕರು. ಕರ್ನಾಟಕದ ಶಾಲೆಗಳು ಆ ವರ್ಷದ ಮಾರ್ಚಿನಲ್ಲಿ ಮುಚ್ಚಿದವು. ಒಂದರಿಂದ ಐದನೆಯ ತರಗತಿಯವರಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಪಾಠ ಹೇಳಿದ ವಿದ್ಯಾಗಮವೂ ಕೆಲವೇ ತಿಂಗಳಲ್ಲಿ ನಿಂತಿತು. ಬೆಂಚಿನಲ್ಲಿ ಒತ್ತಾಗಿ ಕೂರುವುದು, ಪೆನ್ಸಿಲು ಹಂಚಿಕೊಳ್ಳುವುದು, ಜಗಳವಾಡಿ ಅರ್ಧ ಗಂಟೆಯಲ್ಲಿ ರಾಜಿಯಾಗುವುದು, ಇವನ್ನೆಲ್ಲ ಕಲಿಯಬೇಕಾದ ವಯಸ್ಸಿನಲ್ಲಿ ಅವರು ನಾಲ್ಕು ಗೋಡೆಯೊಳಗಿದ್ದರು. ಅಂಥವರಿಗೇ ಮೊದಲ ದೊಡ್ಡ ಪರೀಕ್ಷೆ ಹೀಗೆ ಬಂದಿತು. ಪರೀಕ್ಷೆಯಲ್ಲಿ ಗೆಲ್ಲುವ ಮಗನಿಗೂ ಬದುಕಿನಲ್ಲಿ ಒದಗುವ ಮಗನಿಗೂ ಇರುವ ಅಂತರವನ್ನು ಕೈಲಾಸಂ "ಟೊಳ್ಳುಗಟ್ಟಿ" ನಾಟಕದಲ್ಲಿ ತೋರಿಸಿ ನೂರು ವರ್ಷವಾಯಿತು. ನಾವು ನಾಟಕಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಬಂದು ಅಂಕಪಟ್ಟಿ ಕೇಳುತ್ತೇವೆ.

ಕಾಯಿದೆಯ ಮಟ್ಟಿಗೆ ಕೊರತೆಯಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗು ಭಯ, ಆಘಾತ, ಆತಂಕಗಳಿಲ್ಲದೆ ಕಲಿಯುವಂತಾಗಬೇಕೆಂದು 29ನೆಯ ಕಲಮಿನಲ್ಲಿದೆ. ಬೆತ್ತ ಬಹುಮಟ್ಟಿಗೆ ಹೋಯಿತು. ನಾಲಿಗೆ ಉಳಿದಿದೆ.

ಉಪಾಯ ನಮ್ಮ ನಾಡಿನಲ್ಲಿಯೇ ಹುಟ್ಟಿದ್ದೂ ಉಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ನಲಿ-ಕಲಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹಬ್ಬಿತು. ಅದರಲ್ಲಿ ಕಲಿಕೆಯನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿರುತ್ತಾರೆ. ಮಗು ತನ್ನ ವೇಗದಲ್ಲಿ ಏರುತ್ತದೆ. ಎಂಟು ದಿನ ಊರಿಗೆ ಹೋಗಿ ಬಂದ ಕೂಲಿಕಾರರ ಮಗು ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದೆ ಹೋಗಬಹುದು, ಎಲ್ಲರ ಮುಂದೆ ಎದ್ದು ನಿಂತು "ಗೊತ್ತಿಲ್ಲ" ಎನ್ನಬೇಕಾಗಿಲ್ಲ. ಈ ವಿಧಾನವನ್ನು ಟೀಕಿಸುವವರು ಇದ್ದಾರೆ, ಎಲ್ಲ ಕಡೆ ಸಮನಾಗಿ ನಡೆದಿಲ್ಲವೆಂಬುದೂ ನಿಜ. ಆದರೂ ಮಗುವಿನ ಮಾನ ಕಾಯುವ ಈ ಒಂದು ಗುಣಕ್ಕಾಗಿ ನಾನು ಅದರ ಪಕ್ಷ. ಅದೇ ಹೆಗ್ಗಡದೇವನಕೋಟೆಯ ಹಳ್ಳಿಶಾಲೆಗಳಲ್ಲಿ ನಿಮ್ಹಾನ್ಸಿನ ಮನಶ್ಶಾಸ್ತ್ರಜ್ಞೆ ಮಾಳವಿಕಾ ಕಪೂರ್ ಅವರೂ ಕೆಲಸ ಮಾಡಿದರು. ಆಟ, ಚಿತ್ರ, ಕಥೆಗಳ ಮೂಲಕ ಮಕ್ಕಳ ಮನಸ್ಸನ್ನು ತಿಳಿಯುವ, ತೊಂದರೆಯಲ್ಲಿರುವ ಮಗುವನ್ನು ಉಪಾಧ್ಯಾಯರೇ ಗುರುತಿಸುವ ದಾರಿಯನ್ನು ಅವರು ತಮ್ಮ ಬರಹಗಳಲ್ಲಿ ತೋರಿಸಿದ್ದಾರೆ.

"ಸಂತೋಷ"ವನ್ನೂ ಒಂದು ಪಠ್ಯವಿಷಯವಾಗಿ ಮಾಡಿ, ಪುಸ್ತಕ ಅಚ್ಚು ಹಾಕಿ, ಗೋಡೆಗೆ ಚಿತ್ರಪಟ ತಗುಲಿಹಾಕುವ ಉತ್ಸಾಹ ಈಚೆಗೆ ಕೆಲವೆಡೆ ಕಾಣುತ್ತದೆ. ಅದರಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಮಗುವಿಗೆ ಬೇಕಾದದ್ದು ಹೆಸರು ಹಿಡಿದು ಕರೆಯುವ ಒಂದು ದನಿ, ಬಾಗಿಲಲ್ಲಿ ಒಂದು ನಗು, ಪ್ರತಿದಿನ ಅರ್ಧ ಗಂಟೆ ಮೈದಣಿಯುವ ಆಟ. ಕಡೆಯದು ನಮ್ಮ ಭಾಗದಲ್ಲಿ ದುರ್ಲಭ. ಶಾಲೆಗೆ ಆಟದ ಮೈದಾನ ಇರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿದ್ದರೂ, ಮೂರಂತಸ್ತಿನ ಮನೆಯನ್ನೇ ಶಾಲೆಯಾಗಿಸಿ ಮಹಡಿಯ ಮೇಲೆ ಪ್ರಾರ್ಥನೆ ನಡೆಸುವವರು ಇದ್ದಾರೆ. ಅತಿಚಟುವಟಿಕೆಯ ಮಗು ಅಲ್ಲಿ ಏನು ಮಾಡಬೇಕು? ಅಂಥ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಕೆಲಸವನ್ನು ಸಣ್ಣ ಸಣ್ಣ ಭಾಗ ಮಾಡಿ ಕೊಟ್ಟು, ನಡುನಡುವೆ ಸೀಮೆಸುಣ್ಣ ತರಲೋ ಕರಿಹಲಗೆ ಒರೆಸಲೋ ಕಳುಹಿಸುವ ಜಾಣ ಉಪಾಧ್ಯಾಯಿನಿಯರಿದ್ದಾರೆ. ಅವರಿಗೆ ಕಾಯಿಲೆಯ ಹೆಸರು ತಿಳಿಯದಿರಬಹುದು, ಮದ್ದು ತಿಳಿದಿದೆ.

ಆದರೆ ಉಪಾಧ್ಯಾಯಿನಿಯ ಮನಸ್ಸಿನ ಗತಿಯೇನು? ಚುನಾವಣೆಯ ಪಟ್ಟಿ, ಮೊಟ್ಟೆ ಹಾಲುಗಳ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಇವೆಲ್ಲ ಮುಗಿದ ಮೇಲೆ ಪಾಠ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆದವರೂ ಉಪಾಧ್ಯಾಯರೇ. ಅದು ಮುಗಿಯಲೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ದಣಿದು ಕುಳಿತವರಿಂದ ತಾಳ್ಮೆಯನ್ನು ಸುತ್ತೋಲೆಯ ಮೂಲಕ ಹೊರಡಿಸಲಾಗದು. ಮಕ್ಕಳ ಮನಸ್ಸಿಗಾಗಿ ಸರ್ಕಾರ ಒಂದೇ ಒಂದು ಕೆಲಸ ಮಾಡುವುದಾದರೆ, ಪ್ರಾಥಮಿಕ ಶಾಲೆಯ ಉಪಾಧ್ಯಾಯರನ್ನು ಪಾಠದ ಹೊರಗಿನ ಕೆಲಸದಿಂದ ಬಿಡಿಸಲಿ ಎನ್ನುತ್ತೇನೆ.

ತಾಯ್ತಂದೆಗಳಿಗೆ ಒಂದು ಲೆಕ್ಕ: ಎರಡು ಮೂರು ವಾರವಾದರೂ ಬಿಡದ ಹೊಟ್ಟೆನೋವು, ಕೆಟ್ಟ ಕನಸು, ಊಟ ನಿದ್ದೆಗಳಲ್ಲಿ ಏರುಪೇರು, ಇಷ್ಟದ ಆಟವನ್ನೂ ಬಿಟ್ಟು ಕೂರುವುದು, "ನಾನು ಇಲ್ಲದಿದ್ದರೆ ಒಳ್ಳೆಯದು" ಎಂಬಂಥ ಮಾತು. ಕಡೆಯದು ಒಮ್ಮೆ ಬಂದರೂ ಸಾಕು, ಅಂದೇ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದೆಯೆಂಬ ಸಂಶಯವಿದ್ದರೆ 1098.

ನಿಮ್ಹಾನ್ಸಿಗೆ ಹೋಗಲು ನಮ್ಮ ಭಾಗದವರು ಅಂಜಬೇಕಾಗಿಲ್ಲ. ಅಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ. ಆದರೆ ಕೆಂಗೇರಿಯಿಂದ ಮೆಟ್ರೋ ಹಿಡಿದು ಮೆಜೆಸ್ಟಿಕ್ಕಿಗೆ ಬಂದು, ಅಲ್ಲಿಂದ ಹೊಸೂರು ರಸ್ತೆ ಸೇರಿ, ಸಾಲಿನಲ್ಲಿ ನಿಂತು ಹಿಂತಿರುಗುವಷ್ಟರಲ್ಲಿ ತಾಯಿಯ ಒಂದು ದಿನದ ಸಂಬಳ ಹೋಗುತ್ತದೆ. ಆ ದಿನ ವ್ಯರ್ಥವಾಗದಿರಲು ಉಪಾಧ್ಯಾಯಿನಿ ಒಂದು ಚೀಟಿ ಬರೆದುಕೊಟ್ಟರೆ ವೈದ್ಯರಿಗೆ ತುಂಬ ಉಪಕಾರ. ರೋಗದ ಹೆಸರು ಬೇಡ, ಅಭಿಪ್ರಾಯವೂ ಬೇಡ. ಕಂಡದ್ದನ್ನು ಕಂಡ ಹಾಗೆ: ಯಾವಾಗಿನಿಂದ, ಯಾವ ಹೊತ್ತಿನಲ್ಲಿ, ಯಾವ ಪಾಠದಲ್ಲಿ, ಯಾರ ಜೊತೆ ಊಟಕ್ಕೆ ಕೂರುತ್ತದೆ, ಯಾರ ಪಕ್ಕದಲ್ಲಿ ಕೂರಲು ಒಲ್ಲೆನೆನ್ನುತ್ತದೆ, ಯಾವುದರಲ್ಲಿ ಚೆನ್ನಾಗಿದೆ ಎಂಬುದನ್ನೂ ಮರೆಯದೆ, ಸಾಧ್ಯವಾದರೆ ಮೊದಲ ಸಾಲಿನಲ್ಲಿಯೇ.